ಸೋಡಾಕ್ಕೆ ಐಸ್‌ಕ್ರೀಮ್ ಹಾಕಿ ಕುಡಿದರೆ ಹೊಟ್ಟೆಯಲ್ಲಿ ಹಾಲು ಒಡೆಯುತ್ತದೆಯೇ?

ಒಂದು ಬಾಟಲಿ ಕೋಲಾಕ್ಕೆ ಹಾಲು ಬೆರೆಸಿ ಕೆಲವು ಗಂಟೆ ಬಿಟ್ಟರೆ ತಳದಲ್ಲಿ ಕಂದು ಬಣ್ಣದ ಗಸಿ, ಮೇಲೆ ತಿಳಿನೀರು. “ನಿಮ್ಮ ಹೊಟ್ಟೆಯಲ್ಲೂ ಇದೇ ಆಗುತ್ತದೆ” ಎಂಬ ಎಚ್ಚರಿಕೆಯೊಂದಿಗೆ ಈ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಬಹಳ ಕಾಲದಿಂದ ಸುತ್ತುತ್ತಿದೆ. ಇದನ್ನು ನೋಡಿದ ಅಜ್ಜಿ, ಮೊಮ್ಮಗನ ಕೈಯಿಂದ ಐಸ್‌ಕ್ರೀಮ್ ಸೋಡಾದ ಲೋಟ ಕಿತ್ತುಕೊಂಡರೆ ಅವರನ್ನು ದೂರುವಂತಿಲ್ಲ. ವಿಡಿಯೊದಲ್ಲಿ ಕಾಣುವುದು ನಿಜ. ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು. ಈ ಪಾನೀಯದಲ್ಲಿ ಯೋಚಿಸಬೇಕಾದ ಸಂಗತಿಗಳೂ ಇವೆ, ಆದರೆ ಅವು ವಿಡಿಯೊದಲ್ಲಿ ಇಲ್ಲ.

ಆಂಡರ್ಸನ್‌ಪೇಟೆಯ ಬೇಸಿಗೆಗೆ ಗೋಲಿ ಸೋಡಾ, ಪನ್ನೀರ್ ಸೋಡಾ ಹೊಸದೇನಲ್ಲ. ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ 1870ರ ದಶಕದ ಆರಂಭದಲ್ಲಿ ರೂಪಿಸಿದ ಗೋಲಿ ಬಾಟಲಿ ಅವನ ನಾಡಿನಲ್ಲಿ ಬಳಕೆ ತಪ್ಪಿತು, ನಮ್ಮಲ್ಲಿ ಉಳಿಯಿತು. ಸೋಡಾದ ಮೇಲೆ ಐಸ್‌ಕ್ರೀಮ್ ತೇಲಿಸುವ ಫ್ಲೋಟ್ ಬಂದದ್ದು ಅಮೆರಿಕದಿಂದ. 1874ರಲ್ಲಿ ಫಿಲಡೆಲ್ಫಿಯಾದ ರಾಬರ್ಟ್ ಗ್ರೀನ್ ಎಂಬ ಸೋಡಾ ವ್ಯಾಪಾರಿ ಇದನ್ನು ಮೊದಲು ಮಾಡಿದ ಎನ್ನುತ್ತಾರೆ. ನಮಗೆ ಇಷ್ಟವಾದದ್ದು ಇನ್ನೊಂದು ಕಥೆ. ಕೊಲೊರಾಡೊದ ಕ್ರಿಪಲ್ ಕ್ರೀಕ್ ಕೂಡ ಕೆಜಿಎಫ್‌ನಂತೆಯೇ ಚಿನ್ನದ ಗಣಿಯ ಊರು. 1893ರಲ್ಲಿ ಅಲ್ಲಿನ ಗಣಿ ಮಾಲೀಕ ಫ್ರ್ಯಾಂಕ್ ವಿಸ್ನರ್, ಕಪ್ಪು ಬೆಟ್ಟದ ತುದಿಯಲ್ಲಿ ಬೆಳದಿಂಗಳಿಗೆ ಹೊಳೆಯುತ್ತಿದ್ದ ಹಿಮ ಕಂಡು, ರೂಟ್ ಬಿಯರ್ ಎಂಬ ಬೇರಿನ ಪಾನೀಯಕ್ಕೆ ವೆನಿಲಾ ಐಸ್‌ಕ್ರೀಮ್ ಹಾಕಿದನಂತೆ. ಕಥೆ ಸ್ವಲ್ಪ ಹೆಚ್ಚೇ ಚೆಂದವಾಗಿದೆ, ಪೂರ್ತಿ ನಂಬಬೇಕಿಲ್ಲ. ಆದರೆ ಆ ಬೇರಿನ ರುಚಿಗೆ ಹತ್ತಿರದ್ದು ನಮ್ಮಲ್ಲೇ ಇದೆ: ಸೊಗದೆ ಬೇರು, ಅಂದರೆ ನನ್ನಾರಿ. ರೂಟ್ ಬಿಯರ್‌ಗೆ ಅಲ್ಲಿ ಬಳಸುತ್ತಿದ್ದ ಸಾರ್ಸಪರಿಲ್ಲ ಬೇರೆಯದೇ ಗಿಡ. ಆದರೂ ಇಂಗ್ಲಿಷರು ನನ್ನಾರಿಯನ್ನು ‘ಇಂಡಿಯನ್ ಸಾರ್ಸಪರಿಲ್ಲ’ ಎಂದೇ ಕರೆದರು.

ನೊರೆ ಏಕೆ ಉಕ್ಕುತ್ತದೆ?

ಐಸ್‌ಕ್ರೀಮ್ ಮತ್ತು ಸೋಡಾ ನಡುವೆ ಏನೋ ರಾಸಾಯನಿಕ ಕ್ರಿಯೆ ನಡೆದು ಗ್ಯಾಸ್ ಹುಟ್ಟುತ್ತದೆ ಎಂದು ಹಲವರು ಭಾವಿಸುತ್ತಾರೆ. ಹಾಗೇನೂ ಇಲ್ಲ. ಗ್ಯಾಸ್ ಮೊದಲೇ ಸೋಡಾದಲ್ಲಿತ್ತು. ಒತ್ತಡ ಹಾಕಿ ನೀರಿನಲ್ಲಿ ಕರಗಿಸಿದ ಇಂಗಾಲದ ಡೈಆಕ್ಸೈಡ್, ಮುಚ್ಚಳ ತೆಗೆದೊಡನೆ ಹೊರಬರಲು ಕಾಯುತ್ತಿರುತ್ತದೆ. ಆದರೆ ನಯವಾದ ಗಾಜಿನ ಲೋಟದಲ್ಲಿ ಗುಳ್ಳೆ ಸುಲಭವಾಗಿ ಹುಟ್ಟುವುದಿಲ್ಲ, ಅದಕ್ಕೊಂದು ನೆಲೆ ಬೇಕು. ಐಸ್‌ಕ್ರೀಮ್‌ನ ಒರಟು ಮೈ, ಮಂಜಿನ ಹರಳು, ಒಳಗೆ ಸಿಕ್ಕಿಕೊಂಡ ಗಾಳಿಯ ಕಣ, ಎಲ್ಲವೂ ಅಂತಹ ನೆಲೆಗಳೇ. ಬರೀ ನೀರಿನ ಗುಳ್ಳೆ ಮೇಲೆ ಬಂದು ಒಡೆದುಹೋಗುತ್ತದೆ. ಫ್ಲೋಟ್‌ನಲ್ಲಿ ಹಾಲಿನ ಪ್ರೋಟೀನ್ ಗುಳ್ಳೆಯ ಸುತ್ತ ತೆಳು ಪೊರೆಯಾಗಿ ನಿಲ್ಲುವುದರಿಂದ ನೊರೆ ಉಳಿಯುತ್ತದೆ.

ಗುಳ್ಳೆಗೆ ಹೊರಗಿನ ಗಾಳಿಯ ಒತ್ತಡವೂ ಲೆಕ್ಕಕ್ಕೆ ಬರುತ್ತದೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳ ಹೋಗಿತ್ತು. ಅಷ್ಟು ಕೆಳಗೆ ಗಾಳಿಯ ಒತ್ತಡ ಹೆಚ್ಚು, ಹಾಗಾಗಿ ತಣ್ಣಗಿನ ಸೋಡಾ ತೆರೆದರೆ ಊರಿನಲ್ಲಿ ಉಕ್ಕುವಷ್ಟು ಉಕ್ಕದು. ಅಲ್ಲಿನ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು, ಐಸ್‌ಕ್ರೀಮ್‌ನ ಮಾತು ಬೇರೆ!

ಮನೆಯಲ್ಲಿ ಮಾಡುವುದು ಹೇಗೆ?

ಸೋಡಾ ತಣ್ಣಗಿರಬೇಕು, ಇದರಲ್ಲಿ ರಾಜಿ ಬೇಡ. ತೆರೆದ ನೀರಿನಲ್ಲಿ 25 ಡಿಗ್ರಿಯಲ್ಲಿ ಕರಗಿ ನಿಲ್ಲುವ ಇಂಗಾಲದ ಡೈಆಕ್ಸೈಡ್‌ನ ಎರಡರಷ್ಟಕ್ಕೂ ಹೆಚ್ಚು 0 ಡಿಗ್ರಿಯಲ್ಲಿ ನಿಲ್ಲುತ್ತದೆ. ಬೆಚ್ಚಗಿನ ಸೋಡಾ ಒಮ್ಮೆಲೇ ಉಕ್ಕಿ ಮೇಜಿನ ಮೇಲೆ ಹರಿದು, ಲೋಟದಲ್ಲಿ ಸಪ್ಪೆ ಸಿಹಿನೀರು ಉಳಿಯುತ್ತದೆ. ಲೋಟವನ್ನೂ ಹತ್ತು ನಿಮಿಷ ಫ್ರಿಜ್‌ನಲ್ಲಿಡಿ. ಸ್ಟೀಲ್ ಲೋಟವೂ ನಡೆಯುತ್ತದೆ, ನೋಟ ಮಾತ್ರ ತಪ್ಪುತ್ತದೆ.

ಎತ್ತರದ ಲೋಟದ ತಳಕ್ಕೆ ಒಂದು ದೊಡ್ಡ ಚಮಚ ನನ್ನಾರಿ ಸಿರಪ್, ಅದರ ಮೇಲೆ ಕಾಲು ಲೋಟ ಸಾದಾ ಸೋಡಾ ಹಾಕಿ ಮೆಲ್ಲಗೆ ಕಲಕಿ. ಈಗ ಗಟ್ಟಿಯಾದ ವೆನಿಲಾ ಐಸ್‌ಕ್ರೀಮ್ ಒಂದು ಉಂಡೆ ಇಳಿಬಿಡಿ. ನೊರೆ ಎದ್ದು ಇಳಿಯುವವರೆಗೆ ಕಾಯಿರಿ. ಆಮೇಲೆ ಲೋಟವನ್ನು ಓರೆ ಹಿಡಿದು, ಉಂಡೆಯ ಮೇಲಲ್ಲ, ಗಾಜಿನ ಗೋಡೆಯ ಮೇಲೆ ಉಳಿದ ಸೋಡಾ ಸುರಿಯಿರಿ. ಒಟ್ಟು 200 ಮಿ.ಲೀ. ಸೋಡಾ ಸಾಕು. ಮೇಲೆ ಎರಡು ಬೆರಳಿನಷ್ಟು ಜಾಗ ಬಿಡಿ.

ಒಂದೆರಡು ನಿಮಿಷ ಬಿಟ್ಟು ಚಮಚ ಹಾಕಿದರೆ ಉಂಡೆಯ ಸುತ್ತ ಕರಕರ ಎನ್ನುವ ಪದರ ಸಿಗುತ್ತದೆ. ಫ್ರೀಜರ್‌ನಿಂದ ಬಂದ ಐಸ್‌ಕ್ರೀಮ್ ಸೊನ್ನೆಗಿಂತ ಬಹಳ ತಣ್ಣಗಿರುವುದರಿಂದ ಅದಕ್ಕೆ ತಗುಲಿದ ಸೋಡಾ ಅಲ್ಲೇ ಹೆಪ್ಪುಗಟ್ಟುತ್ತದೆ. ಫ್ಲೋಟ್‌ನ ನಿಜವಾದ ರುಚಿ ಆ ಪದರದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಕುಲ್ಫಿಯಿಂದ ಇದೇ ಫಲ ನಿರೀಕ್ಷಿಸಬೇಡಿ. ಕಡೆದು ಗಾಳಿ ತುಂಬಿಸುವುದರಿಂದಲೇ ಐಸ್‌ಕ್ರೀಮ್ ಹಗುರವಾಗಿ ತೇಲುತ್ತದೆ, ಕುಲ್ಫಿಗೆ ಗಾಳಿ ತುಂಬಿಸುವುದಿಲ್ಲ.

ಹಾಗಾದರೆ ಹಾಲು ಒಡೆಯುವುದಿಲ್ಲವೇ?

ಒಡೆಯಬಹುದು. ಹಾಲಿನ ಕೇಸೀನ್ ಎಂಬ ಪ್ರೋಟೀನ್, ಪಿಎಚ್ 4.6ರ ಸುಮಾರಿಗೆ ಗಸಿಯಾಗಿ ಬೇರ್ಪಡುತ್ತದೆ. ಕೋಲಾದ ಪಿಎಚ್ ಸುಮಾರು 2.5, ಅದರಲ್ಲಿ ಫಾಸ್ಫಾರಿಕ್ ಆಮ್ಲವಿದೆ. ವಿಡಿಯೊದ ಕಂದು ಗಸಿ ಎಂದರೆ ಕೋಲಾದ ಬಣ್ಣ ಹೀರಿದ ಹಾಲಿನ ಗಸಿ, ಅಷ್ಟೇ. ನಿಂಬೆರಸ ಹಿಂಡಿ ಪನೀರ್ ಮಾಡುವಾಗಲೂ ನಡೆಯುವುದು ಇದೇ. ಸೋಡಾ ಇಲ್ಲದೆ ಬರೀ ಹಾಲು ಕುಡಿದರೂ ಜಠರದ ಆಮ್ಲ ಅದನ್ನು ಒಡೆಯುತ್ತದೆ, ಜೀರ್ಣಕ್ರಿಯೆ ಶುರುವಾಗುವುದೇ ಹಾಗೆ. ನಿಂಬೆ ಅಥವಾ ಕಿತ್ತಳೆ ಸೋಡಾದ ಫ್ಲೋಟ್‌ನಲ್ಲಿ ಸಣ್ಣ ಗಸಿ ಕಂಡರೆ ಅದು ವಿಷವಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಒಗ್ಗದವರಿಗೆ ಹೊಟ್ಟೆ ಉಬ್ಬರ ಬರಬಹುದು, ಎದೆಯುರಿ ಇರುವವರಿಗೆ ಸೋಡಾದ ಗ್ಯಾಸ್ ಕಿರಿಕಿರಿ ಮಾಡಬಹುದು. ಅಂಥವರು ಬಿಟ್ಟುಬಿಡುವುದು ಒಳ್ಳೆಯದು.

ಯೋಚಿಸಬೇಕಾದದ್ದು ಯಾವುದು?

ಮೊದಲು ಸಕ್ಕರೆ. 200 ಮಿ.ಲೀ. ಕೋಲಾದಲ್ಲಿ ಸುಮಾರು 21 ಗ್ರಾಂ, ಒಂದು ಉಂಡೆ ಐಸ್‌ಕ್ರೀಮ್‌ನಲ್ಲಿ ಸುಮಾರು 14 ಗ್ರಾಂ, ಒಟ್ಟು 35 ಗ್ರಾಂ. ಅಂದರೆ ಏಳು ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಹೊರಗಿನಿಂದ ಸೇರಿಸಿದ ಸಕ್ಕರೆ 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಮತ್ತೂ ಒಳ್ಳೆಯದು. ಮಕ್ಕಳ ಪಾಲು ಅದಕ್ಕಿಂತ ಕಡಿಮೆ. ಮೇಲಿನಂತೆ ಸಾದಾ ಸೋಡಾ ಬಳಸಿ ಸಿರಪ್ ಒಂದೇ ಚಮಚಕ್ಕೆ ನಿಲ್ಲಿಸಿದರೆ ಲೋಟದ ಲೆಕ್ಕ 25ರ ಆಸುಪಾಸಿಗೆ ಇಳಿಯುತ್ತದೆ. ಮಧುಮೇಹ ಇರುವವರಿಗೆ ಇದೂ ಹೆಚ್ಚೇ.

ಎರಡನೆಯದು ಡಬ್ಬಿಯ ಮೇಲಿನ ಹೆಸರು. ನಮ್ಮ ದೇಶದ ನಿಯಮದಂತೆ ಸಾಮಾನ್ಯ ಐಸ್‌ಕ್ರೀಮ್‌ನಲ್ಲಿ ಕನಿಷ್ಠ 10% ಹಾಲಿನ ಕೊಬ್ಬಿರಬೇಕು. ‘ಫ್ರೋಜನ್ ಡೆಸರ್ಟ್’ ಎಂದು ಬರೆದಿದ್ದರೆ ಅದರಲ್ಲಿ ಸಸ್ಯಜನ್ಯ ಎಣ್ಣೆಯ ಕೊಬ್ಬು ಇರುತ್ತದೆ. ಕುಡಿದರೆ ಅಪಾಯವೇನಿಲ್ಲ, ಆದರೆ ಕೊಟ್ಟ ದುಡ್ಡಿಗೆ ಏನು ಸಿಕ್ಕಿತೆಂದು ತಿಳಿದಿರಲಿ.

ಸೋಡಾ ಸಿಗದಿದ್ದಾಗ ಕೆಲವರು ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿ ನೊರೆ ಬರಿಸುತ್ತಾರೆ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,250 ಮಿ.ಗ್ರಾಂ ಸೋಡಿಯಂ ಇದೆ. ವಯಸ್ಕರ ದಿನದ ಮಿತಿಯೇ 2,000 ಮಿ.ಗ್ರಾಂ. ಬಿಪಿ ಇರುವ ಮನೆಯಲ್ಲಿ ಈ ಪ್ರಯೋಗ ಬೇಡ. ಆ ಮಿಶ್ರಣವನ್ನು ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚುವುದಂತೂ ಯಾರಿಗೂ ಬೇಡ, ಬಾಟಲಿ ಸಿಡಿಯಬಹುದು.

ಕೊನೆಯದಾಗಿ ನೀರು. “ಗ್ಯಾಸ್ ಹಾಕಿದ ನೀರಿನಲ್ಲಿ ಕ್ರಿಮಿ ಉಳಿಯುವುದಿಲ್ಲ” ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಸೋಡಾದ ಹುಳಿ ಕೆಲವು ಬ್ಯಾಕ್ಟೀರಿಯಾಗಳ ಬೆಳವಣಿಗೆ ತಗ್ಗಿಸೀತು, ಕೆಟ್ಟ ನೀರನ್ನು ಶುದ್ಧ ಮಾಡದು. ಕೋಲಾರ ಜಿಲ್ಲೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಅದು ಗ್ಯಾಸ್ ಹಾಕಿದರೂ ಹೋಗದು, ಕುದಿಸಿದರೂ ಹೋಗದು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಹೆಚ್ಚುತ್ತದೆ. ಮನೆಯಲ್ಲಿ ಸೋಡಾ ಯಂತ್ರ ಇದ್ದರೆ ಅದಕ್ಕೆ ಆರ್‌ಒ ನೀರು ಹಾಕಿ. ಐಸ್ ತುಂಡುಗಳಿಗೂ ಅದೇ ನೀರು ಬಳಸಿ.