ಆಟಿಸಂ, ಇಂದ್ರಿಯ ಸಂವೇದನೆ ಮತ್ತು ಶಾಲೆ

ಆಟಿಸಂ ಇರುವ ಮಗುವಿಗೆ ಶಾಲೆಯಲ್ಲಿ ಎದುರಾಗುವ ಕಷ್ಟ ಎಷ್ಟೋ ವೇಳೆ ಪಾಠದ್ದಾಗಿರುವುದಿಲ್ಲ. ಗಂಟೆಯ ಸದ್ದು, ಟ್ಯೂಬ್‌ಲೈಟಿನ ಮಿಣುಕು, ಸಮವಸ್ತ್ರದ ಒರಟು ಕಾಲರು, ಪಕ್ಕದವರ ಮೈ ತಾಗುವುದು, ಇವೆಲ್ಲ ಅದಕ್ಕೆ ನೋವೇ ಆಗಬಹುದು. ಕೆಲವು ಮಕ್ಕಳದು ಇದಕ್ಕೆ ತದ್ವಿರುದ್ಧ: ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ, ಮಂಡಿ ತರಚಿದರೂ ಅಳುವುದಿಲ್ಲ. ಎರಡೂ ಒಂದೇ ಮಗುವಿನಲ್ಲಿ ಇರುವುದುಂಟು. ಬ್ರಿಟನ್ನಿನ ಸೂಸನ್ ಲೀಕಮ್, ಲೋರ್ನಾ ವಿಂಗ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಿಸಂ ಇದ್ದ ಮಕ್ಕಳ ಪೈಕಿ ಶೇ. 90ಕ್ಕೂ ಹೆಚ್ಚು ಮಂದಿಯಲ್ಲಿ ಇಂಥ ವ್ಯತ್ಯಾಸ ಕಂಡಿತ್ತು.

ಇದು ವೈದ್ಯರ ಕಣ್ಣಿಗೆ ಮೊದಲೇ ಬಿದ್ದಿತ್ತು. ಬಾಲ್ಟಿಮೋರಿನ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಬರೆದಾಗ ವ್ಯಾಕ್ಯೂಮ್ ಕ್ಲೀನರ್, ಲಿಫ್ಟುಗಳ ಸದ್ದಿಗೆ ಅವರು ಬೆದರುತ್ತಿದ್ದುದನ್ನು ದಾಖಲಿಸಿದರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಕೂಡ ರುಚಿ, ಸ್ಪರ್ಶ, ಸದ್ದುಗಳ ಬಗ್ಗೆ ಬರೆದರು. ಆದರೆ ಈ ಎಳೆಯನ್ನು ಹೆಚ್ಚು ಮಂದಿ ಹಿಡಿದು ಮುಂದುವರಿಸಲಿಲ್ಲ. ತಾಯಿಯ ತಣ್ಣನೆಯ ವರ್ತನೆಯೇ ಆಟಿಸಮ್ಮಿಗೆ ಕಾರಣವೆಂಬ ವಾದ ಬಲಗೊಂಡು, 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅವರ ಪುಸ್ತಕದಿಂದ ಇನ್ನಷ್ಟು ಹರಡಿತು. ಆಟಿಸಂ ಇದ್ದ ಮಗನ ತಂದೆಯೂ ಆಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್, ಇದರ ಮೂಲ ನರವ್ಯವಸ್ಥೆಯಲ್ಲಿದೆಯೆಂದು 1964ರಲ್ಲೇ ವಾದಿಸಿದ್ದರೂ ತಾಯಂದಿರ ಮೇಲಿನ ಅಪವಾದ ಬೇಗ ಅಳಿಯಲಿಲ್ಲ. ಈ ಕ್ಷೇತ್ರದ ಅತ್ಯಂತ ನಿರ್ದಯ ಅಧ್ಯಾಯ ಅದು.

1970ರ ದಶಕದಲ್ಲಿ ಎರಡು ದಾರಿಗಳು ತೆರೆದವು. ಕ್ಯಾಲಿಫೋರ್ನಿಯಾದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್, ಇಂದ್ರಿಯಗಳು ತರುವ ಮಾಹಿತಿಯನ್ನು ಮಿದುಳು ಒಗ್ಗೂಡಿಸಿಕೊಳ್ಳುವ ಬಗೆಯ ಕುರಿತು 1972ರಲ್ಲಿ ಪುಸ್ತಕ ಬರೆದರು. ಉಯ್ಯಾಲೆ, ಉರುಳಾಟ, ಒತ್ತಡ ಕೊಡುವ ಆಟಗಳಿಂದ ಮಗುವನ್ನು ತಿದ್ದಬಹುದೆಂಬುದು ಅವರ ನಂಬಿಕೆ. ಅದೇ ವರ್ಷ ಉತ್ತರ ಕ್ಯಾರೊಲಿನಾದಲ್ಲಿ ಎರಿಕ್ ಶಾಪ್ಲರ್ ಅವರ ಟೀಚ್ ಕಾರ್ಯಕ್ರಮ ರಾಜ್ಯವ್ಯಾಪಿಯಾಯಿತು. ದಿನದ ಕೆಲಸವನ್ನು ಚಿತ್ರಗಳಲ್ಲಿ ತೋರಿಸುವುದು, ಗಮನ ಚದುರದ ಜಾಗದಲ್ಲಿ ಮಗುವನ್ನು ಕೂರಿಸುವುದು ಅದರ ಪದ್ಧತಿ. ಏರ್ಸ್ ಮಗುವನ್ನು ಬದಲಿಸಲು ಹೊರಟರೆ, ಶಾಪ್ಲರ್ ಕೋಣೆಯನ್ನು ಬದಲಿಸಿದರು. ಶಾಲೆಗಳಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಎರಡನೆಯದೇ.

ಏರ್ಸ್ ಅವರ ಥೆರಪಿಯ ಫಲದ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಇದಕ್ಕೆ ಪುರಾವೆ ಸೀಮಿತವೆಂದು ಪೋಷಕರಿಗೆ ತಿಳಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿತು. 2014ರಲ್ಲಿ ರೋಸ್‌ಆನ್ ಶಾಫ್ ಮತ್ತು ಸಂಗಡಿಗರು 32 ಮಕ್ಕಳ ಮೇಲೆ ನಡೆಸಿದ ಪ್ರಯೋಗ ಉತ್ತಮ ಫಲ ತೋರಿಸಿತಾದರೂ ಸಂಖ್ಯೆ ಚಿಕ್ಕದು. ಅನೇಕ ಕಡೆ ತೊಡಿಸುತ್ತಿದ್ದ ಭಾರದ ಜಾಕೆಟ್ಟಿನಿಂದ ಪ್ರಯೋಜನವಿದೆಯೆಂದು ಹೇಳಲು ಸಾಕಷ್ಟು ಆಧಾರ ಸಿಕ್ಕಿಲ್ಲ.

ತರಗತಿಯತ್ತ ನೋಟ ತಿರುಗಿದ್ದರಲ್ಲಿ ಆಟಿಸಂ ಇರುವವರ ಪಾಲು ದೊಡ್ಡದು. ಟೆಂಪಲ್ ಗ್ರ್ಯಾಂಡಿನ್ 1986ರಿಂದ ಬರೆಯುತ್ತ ಬಂದ ಆತ್ಮಕಥನಗಳಲ್ಲಿ, ಶಾಲೆಯ ಗಂಟೆ ತಮಗೆ ಎಂಥ ನೋವು ಕೊಡುತ್ತಿತ್ತೆಂದು ತಿಳಿಸಿದರು. ಅದುವರೆಗೆ ಹಟವೆಂದು ಬೈಸಿಕೊಳ್ಳುತ್ತಿದ್ದ ವರ್ತನೆಗೆ ಒಳಗಿನಿಂದಲೇ ವಿವರಣೆ ಸಿಕ್ಕಿತು. ಯಾವ ಮಗುವಿಗೆ ಏನು ಸಹಿಸಲಾಗದೆಂದು ಪೋಷಕರನ್ನು ಕೇಳಿ ತಿಳಿಯುವ ವಿನ್ನಿ ಡನ್ ಅವರ ಪ್ರಶ್ನಾವಳಿ 1999ರಲ್ಲಿ ಬಂತು. ಹಿನ್ನೆಲೆಯ ಗದ್ದಲದಿಂದ ಮಾತನ್ನು ಬೇರ್ಪಡಿಸಿ ಕೇಳಲಾಗದ ಮಕ್ಕಳು ಓದಿನಲ್ಲೂ ಹಿಂದೆ ಬೀಳುವುದನ್ನು 2008ರಲ್ಲಿ ಆಸ್ಟ್ರೇಲಿಯಾದ ಜಿಲ್ ಆಶ್‌ಬರ್ನರ್ ತಂಡ ಗುರುತಿಸಿತು. ಅದೇ ವರ್ಷ ಕೈರೋದ ವಾಸ್ತುಶಿಲ್ಪಿ ಮಗ್ದಾ ಮೊಸ್ತಫಾ, ಕೋಣೆಯ ಸದ್ದು ತಗ್ಗಿಸಿದರೆ ಮಕ್ಕಳ ಗಮನ ಹೆಚ್ಚುತ್ತದೆಂದು ತೋರಿಸಿದರು. ಕೊನೆಗೆ 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5, ಇಂದ್ರಿಯಗಳ ಅತಿ ಅಥವಾ ಅಲ್ಪ ಪ್ರತಿಕ್ರಿಯೆಯನ್ನು ಆಟಿಸಮ್ಮಿನ ಲಕ್ಷಣಗಳಲ್ಲಿ ಸೇರಿಸಿತು. ಕ್ಯಾನರ್ ಬರೆದು ಆಗಲೇ 70 ವರ್ಷ ಕಳೆದಿತ್ತು.

ಭಾರತದಲ್ಲಿ ಕೆಲಸ ಮೊದಲಾದದ್ದು ತಾಯ್ತಂದೆಯರಿಂದ. ಮೆರ್ರಿ ಬರುವಾ ಅವರ ಆಕ್ಷನ್ ಫಾರ್ ಆಟಿಸಂ 1991ರಲ್ಲಿ ದೆಹಲಿಯಲ್ಲಿ ಹುಟ್ಟಿತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಮ್ಮಿನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಗುರುತಿಸಿತು. 2016ರ ಅಂಗವಿಕಲರ ಕಾಯ್ದೆ ಅದನ್ನು 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂದು ವಿಧಿಸಿತು.

ಅಂಥ ಹೊಂದಾಣಿಕೆ ಹೇಗಿರಬೇಕೆಂದು ತಿಳಿಯಲು ಕರ್ನಾಟಕದ ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯನ್ನೇ ನೋಡಬಹುದು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ಈ ಪದ್ಧತಿಯ ಕಲಿಕಾ ಏಣಿ ಮತ್ತು ಚಿತ್ರಗಳ ಕಾರ್ಡುಗಳು, ಮುಂದೇನೆಂದು ಮಗುವಿಗೆ ಕಣ್ಣಿಗೆ ಕಾಣುವಂತೆ ಹೇಳುತ್ತವೆ. ಶಾಪ್ಲರ್ ಬಯಸಿದ್ದೂ ಇದನ್ನೇ. ಆದರೆ ಅದೇ ಕೋಣೆಯಲ್ಲಿ ನೆತ್ತಿಯ ಮೇಲೆ ಚಪ್ಪರದ ದಾರಗಳಿಗೆ ತೂಗುಹಾಕಿದ ಹಾಳೆಗಳು ಗಾಳಿಗೆ ಅಲ್ಲಾಡುತ್ತಿರುತ್ತವೆ, ಒಂದು ಗುಂಪು ಹಾಡುವಾಗ ಇನ್ನೊಂದು ಮಗ್ಗಿ ಒಪ್ಪಿಸುತ್ತಿರುತ್ತದೆ. ಆಟಿಸಂ ಇರುವ ಮಗುವಿಗೆ ಗೋಡೆಯ ಬದಿಯ ಜಾಗ, ಗಂಟೆ ಹೊಡೆಯುವ ಮುನ್ನ ಒಂದು ಸೂಚನೆ, ಗದ್ದಲದ ಹೊತ್ತಿಗೆ ಕಿವಿ ಮುಚ್ಚುವ ಹೆಡ್‌ಫೋನ್, ಬಿಸಿಯೂಟಕ್ಕೆ ಸಾಲಿನ ನೂಕಾಟವಿಲ್ಲದ ಕಡೆ ತಟ್ಟೆ, ಸಾಕೆನಿಸಿದಾಗ ಎದ್ದುಹೋಗಿ ಕೂರಲು ಒಂದು ಶಾಂತ ಮೂಲೆ ಬೇಕು. ಆ ಮೂಲೆ ಶಿಕ್ಷೆಯ ಜಾಗ ಆಗಕೂಡದು. ಯಾವುದು ಯಾವ ಮಗುವಿಗೆ ಎಂಬುದನ್ನು ಮನೆಯವರನ್ನು ಕೇಳಿಯೇ ತೀರ್ಮಾನಿಸಬೇಕು.

ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿಗಳು ಹಲವು ಶಾಲೆಗಳಿಗೆ ಓಡಾಡಬೇಕಾದವರು. ದಿನವೂ ಮಗುವಿನೊಡನೆ ಇರುವುದು ತರಗತಿಯ ಶಿಕ್ಷಕರು. ಮೇಲಿನ ಹೊಂದಾಣಿಕೆಗಳಲ್ಲಿ ಬಹಳಷ್ಟಕ್ಕೆ ಹಣ ಬೇಡ, ತಜ್ಞರು ಬರಲೆಂದು ಕಾಯುವುದೂ ಬೇಡ. ಶಾಲೆಗಳು ಅವುಗಳನ್ನು ಈ ವರ್ಷವೇ ಮಾಡಬೇಕು.