ಹಳೆಯ ಒಡಂಬಡಿಕೆಯ ಕರುಣೆ

ಕ್ರೈಸ್ತರ ಧರ್ಮಗ್ರಂಥವನ್ನು ಕುರಿತು ಒಂದು ಮಾತು ಆಗಾಗ ಕೇಳಿಬರುತ್ತದೆ. ಅದರ ಪೂರ್ವಭಾಗವಾದ ಹಳೆಯ ಒಡಂಬಡಿಕೆಯ ದೇವರು ದಂಡಧರ, ಉತ್ತರಭಾಗವಾದ ಹೊಸ ಒಡಂಬಡಿಕೆಯ ದೇವರು ದಯಾಮಯ ಎಂಬುದೇ ಆ ಮಾತು. ಇದು ಇಂದು ನಿನ್ನೆಯದಲ್ಲ. ಇದಕ್ಕೆ 1,800 ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ.

ಎರಡನೆಯ ಶತಮಾನದಲ್ಲಿ ಕಪ್ಪು ಸಮುದ್ರದ ದಡದ ಸಿನೋಪೆ ಪಟ್ಟಣದಿಂದ ಮಾರ್ಸಿಯನ್ ಎಂಬ ಹಡಗಿನ ಒಡೆಯನು ರೋಮಿಗೆ ಬಂದು, ಅಲ್ಲಿಯ ಕ್ರೈಸ್ತಸಭೆಗೆ ದೊಡ್ಡ ಮೊತ್ತದ ಕಾಣಿಕೆ ಸಲ್ಲಿಸಿದನು. ಯೆಹೂದ್ಯರ ಗ್ರಂಥದ ಸೃಷ್ಟಿಕರ್ತನು ನ್ಯಾಯವನ್ನು ಬಲ್ಲನೇ ಹೊರತು ಕರುಣೆಯನ್ನು ಅರಿಯನು, ಯೇಸು ತಿಳಿಸಿದ ತಂದೆ ಬೇರೆಯೇ ಒಬ್ಬ ದೇವರು ಎಂಬುದು ಅವನ ವಾದ. ಹೀಗಾಗಿ ಲೂಕನ ಸುವಾರ್ತೆಯ ತನ್ನದೇ ಆದ ಒಂದು ಪಾಠವನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಉಳಿಸಿಕೊಂಡು ಮಿಕ್ಕುದೆಲ್ಲವನ್ನೂ ಕೈಬಿಟ್ಟನು. 144ರಲ್ಲಿ ಸಭೆಯು ಅವನನ್ನು ಹೊರಹಾಕಿ, ಅವನ ಹಣವನ್ನೂ ಹಿಂದಿರುಗಿಸಿತು.

ಸಭೆಯ ನಿಲುವಿಗೆ ಬಲವಾದ ಆಧಾರವಿತ್ತು. ವಿಮೋಚನಕಾಂಡದಲ್ಲಿ ದೇವರು ಮೋಶೆಗೆ ತನ್ನ ಸ್ವರೂಪವನ್ನು ತಾನೇ ಹೇಳಿಕೊಳ್ಳುವ ಪ್ರಸಂಗವಿದೆ. ಜನರು ಚಿನ್ನದ ಕರುವನ್ನು ಪೂಜಿಸಿ ಒಪ್ಪಂದವನ್ನು ಮುರಿದ ಮೇಲೆ ಬರುವ ಮಾತು ಅದು. ಕನಿಕರ, ದೀರ್ಘಶಾಂತಿ, ತುಂಬಿದ ಕೃಪೆ ಇವೇ ಅಲ್ಲಿ ಮೊದಲು. ಅಪರಾಧಕ್ಕೆ ದಂಡನೆ ಅನಂತರದ್ದು. ಈ ಕೃಪೆಗೆ ಹೀಬ್ರೂ ಭಾಷೆಯಲ್ಲಿ ‘ಹೆಸೆದ್’ ಎಂದು ಹೆಸರು. ಕೊಟ್ಟ ಮಾತಿಗೆ, ಕೂಡಿದ ಬಾಂಧವ್ಯಕ್ಕೆ ತಪ್ಪದ ಪ್ರೀತಿ ಎಂಬುದು ಅದರ ಭಾವ. 136ನೆಯ ಕೀರ್ತನೆಯ 26 ಪದ್ಯಗಳಲ್ಲಿ ಪ್ರತಿಯೊಂದೂ ಈ ಹೆಸೆದಿನ ಶಾಶ್ವತತೆಯನ್ನು ಸಾರಿಯೇ ಮುಗಿಯುತ್ತದೆ. ಕನಿಕರವನ್ನು ಸೂಚಿಸುವ ‘ರಹಮೀಮ್’ ಎಂಬ ಮಾತಾದರೋ ತಾಯಿಯ ಗರ್ಭವನ್ನು ಹೇಳುವ ‘ರೆಹೆಮ್’ ಶಬ್ದದ ಬಳಗಕ್ಕೆ ಸೇರಿದ್ದು. ಕರುಳು ಮಿಡಿಯಿತು ಎನ್ನುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಯಜ್ಞಕ್ಕಿಂತ ಹೆಸೆದ್ ಮಿಗಿಲೆಂದು ಪ್ರವಾದಿ ಹೋಶೇಯನು ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ಸಾರಿದನು. ಮತ್ತಾಯನ ಸುವಾರ್ತೆಯಲ್ಲಿ ಯೇಸು ತನ್ನ ಟೀಕಾಕಾರರಿಗೆ ಎರಡು ಬಾರಿ ನೆನಪಿಸುವುದು ಇದೇ ಮಾತನ್ನು. ಮಾರ್ಸಿಯನ್ನನು ಕೈಬಿಟ್ಟ ಪುಸ್ತಕಗಳಲ್ಲಿ ಹೋಶೇಯನೂ ಉಂಟು, ಮತ್ತಾಯನೂ ಉಂಟು!

ಹಾಗೆಂದು ಹಳೆಯ ಒಡಂಬಡಿಕೆಯಲ್ಲಿ ಕಠೋರವಾದುದು ಇಲ್ಲವೆಂದಲ್ಲ. ಕಾನಾನಿನ ಯುದ್ಧಕಥನಗಳನ್ನು ಓದಿದವರು ಹಾಗೆ ಹೇಳಲಾರರು. ಕಾರ್ಥೇಜಿನ ತೆರ್ತುಲ್ಲಿಯನ್ ಮಾರ್ಸಿಯನ್ನನಿಗೆ ಉತ್ತರವಾಗಿ ಐದು ಸಂಪುಟಗಳನ್ನು ಬರೆದಾಗ, ನ್ಯಾಯವನ್ನೂ ಒಳಿತನ್ನೂ ಬೇರ್ಪಡಿಸಲಾಗದು, ಕೇಡಿನ ಮೇಲೆ ಮುನಿಯದ ದೇವರ ಒಳ್ಳೆಯತನ ಅಪೂರ್ಣವಾದುದು ಎಂದು ವಾದಿಸಿದನು.

ಗ್ರಂಥವೇನೋ ಉಳಿಯಿತು. ಆದರೆ ಕ್ರೈಸ್ತರು ಅನೇಕ ಶತಮಾನಗಳ ಕಾಲ ಅದರೊಳಗಿನ ವಾಗ್ದಾನಗಳನ್ನು ತಮಗೆ ಇಟ್ಟುಕೊಂಡು ಶಾಪಗಳನ್ನು ಯೆಹೂದ್ಯರ ಪಾಲಿಗೆ ಬಿಟ್ಟರು. ಮಾರ್ಸಿಯನ್ ದೇವರನ್ನೇ ಇಬ್ಭಾಗ ಮಾಡಿದ್ದನು. ಇವರು ದೇವರ ಕರುಣೆಯನ್ನು ಇಬ್ಭಾಗ ಮಾಡಿದರು. 1933ರ ನವೆಂಬರಿನಲ್ಲಿ ಬರ್ಲಿನ್ನಿನ ಕ್ರೀಡಾಭವನದಲ್ಲಿ, ನಾಜಿಗಳ ಪರವಾಗಿದ್ದ ‘ಜರ್ಮನ್ ಕ್ರೈಸ್ತರ’ ಭಾರಿ ಸಭೆಯಲ್ಲಿ, ರೈನ್‌ಹೋಲ್ಡ್ ಕ್ರೌಸೆ ಎಂಬಾತನು ಹಳೆಯ ಒಡಂಬಡಿಕೆಯನ್ನು ತೊರೆಯಬೇಕೆಂದು ಬಹಿರಂಗವಾಗಿ ಕರೆಯಿತ್ತನು. ಆ ಮಾತನ್ನು ಎದುರಿಸಿದ ಪಾದ್ರಿಗಳು ಉಂಟು. ಆದರೆ ಗ್ರಂಥದ ಪರವಾಗಿ ಎದ್ದ ದನಿ ಆ ಗ್ರಂಥವನ್ನು ಕಾಪಾಡಿಕೊಂಡು ಬಂದ ಜನರ ಪರವಾಗಿ ಅಷ್ಟಾಗಿ ಏಳಲಿಲ್ಲ. ಮುಂದಿನ ಹನ್ನೆರಡು ವರ್ಷಗಳಲ್ಲಿ ನಡೆದ ಘೋರವನ್ನು ಲೋಕವೆಲ್ಲ ಬಲ್ಲದು. ಯೆಹೂದ್ಯರನ್ನು ದೇವರು ತಳ್ಳಿಬಿಟ್ಟವರೆಂದಾಗಲಿ ಶಾಪಗ್ರಸ್ತರೆಂದಾಗಲಿ ಚಿತ್ರಿಸಬಾರದೆಂದು ಕೆಥೋಲಿಕ್ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯು ಘೋಷಿಸಿದ್ದು 1965ರ ಅಕ್ಟೋಬರ್ 28ರಂದು.

ಹಳೆಯ ಒಡಂಬಡಿಕೆಯಲ್ಲಿ ಯೋನನದು ಒಂದು ಪುಟ್ಟ ಪುಸ್ತಕ. ಶತ್ರುನಗರಿ ನಿನೆವೆಯನ್ನು ದೇವರು ಕ್ಷಮಿಸಿದಾಗ ಪ್ರವಾದಿ ಯೋನನು ಸಿಟ್ಟಾಗುತ್ತಾನೆ. ನೀನು ಕರುಣಾಳುವೆಂಬುದನ್ನು ನಾನು ಮೊದಲೇ ಬಲ್ಲೆ ಎಂದು, ಸೀನಾಯಿ ಬೆಟ್ಟದ ಅದೇ ಮಾತುಗಳನ್ನು ದೇವರ ಮೇಲೆ ದೂರಾಗಿ ತಿರುಗಿಸುತ್ತಾನೆ. ಲಕ್ಷಕ್ಕೂ ಮಿಕ್ಕ ಜನರಿರುವ, ಬಹಳ ದನಕರುಗಳೂ ಇರುವ ಆ ಪಟ್ಟಣದ ಮೇಲೆ ನಾನು ಮರುಗಬಾರದೇ ಎಂದು ದೇವರು ಕೇಳುವಲ್ಲಿಗೆ ಪುಸ್ತಕ ಮುಗಿಯುತ್ತದೆ. ಯೋನನ ಉತ್ತರವನ್ನು ಅಲ್ಲಿ ಬರೆದಿಲ್ಲ. ಕರುಣೆ ತಮಗಷ್ಟೇ ಮೀಸಲೆಂದು ನಂಬಿದ ಎಲ್ಲರೂ ಉತ್ತರಿಸಬೇಕಾದ ಪ್ರಶ್ನೆ ಅದು.