ತೆಂಗೆ ಪೋರಾಟ್‌ನಿಂದ ಬಲಮಾಪಕದವರೆಗೆ: ಹಿಡಿತದ ಚರಿತ್ರೆ

ಒಂದು ತೆಂಗಿನಕಾಯಿಯನ್ನು ಯಾರೂ ಕಸಿದುಕೊಳ್ಳದಂತೆ ನೀವು ಎಷ್ಟು ಹೊತ್ತು ಹಿಡಿದಿರಬಲ್ಲಿರಿ? ಸುಲಭವಾಗಿ ತೋರುವ ಈ ಪ್ರಶ್ನೆಯೇ ಕೊಡಗಿನಲ್ಲಿ ಒಂದು ಆಟ.

ಗದ್ದೆಯ ನಾಟಿ ಮುಗಿದು, ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಕೊಡವರ ಕೈಲ್ ಪೊಳ್ದ್ ಹಬ್ಬ ಬರುತ್ತದೆ. ಕೋವಿ, ಒಡಿಕತ್ತಿಗಳನ್ನು ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸಿದ ಬಳಿಕ ಊರಿನವರು ಮೈದಾನದಲ್ಲಿ ಸೇರುತ್ತಾರೆ. ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು, ಓಟ, ಭಾರದ ಕಲ್ಲೆಸೆತ, ಹಗ್ಗಜಗ್ಗಾಟ ಇವುಗಳ ಜೊತೆಗೆ ನಡೆಯುವುದು 'ತೆಂಗೆ ಪೋರಾಟ್', ಅಂದರೆ ತೆಂಗಿನಕಾಯಿಗಾಗಿ ಸೆಣಸಾಟ. ಕಾಯಿ ಹಿಡಿದವನು ಬಿಡಬಾರದು. ಎದುರಾಳಿ ಅದನ್ನು ಕಸಿಯಬೇಕು. ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆಯ ದಿಂಡನ್ನು ಒಂದೇ ಏಟಿಗೆ ತುಂಡರಿಸುವ 'ಬಾಳೆ ಬಿರುದು' ಕೂಡ ಕೈಯ ಹಿಡಿತವನ್ನೇ ನೆಚ್ಚಿಕೊಂಡಿದೆ.

ಇಂಥ ಆಟಗಳನ್ನು ಕಂಡವರು ಒಂದು ಮಾತನ್ನು ಆಡುವುದುಂಟು: "ಅದು ಅವರ ರಕ್ತದಲ್ಲೇ ಬಂದದ್ದು." ಈ ಮಾತು ನಿಜವೇ? ಉತ್ತರ ಹುಡುಕಲು ಮೊದಲು ನಿಮ್ಮ ಮುಂಗೈಯನ್ನೇ ಪರೀಕ್ಷಿಸಿ.

ಬಲ ಇರುವುದು ಬೆರಳಿನಲ್ಲಲ್ಲ

ಮುಂಗೈಯನ್ನು ಇನ್ನೊಂದು ಕೈಯಿಂದ ಮುಟ್ಟಿಕೊಂಡು ಮುಷ್ಟಿ ಬಿಗಿಯಿರಿ. ಮೊಣಕೈಯ ಕೆಳಗೆ ಮಾಂಸ ಉಬ್ಬುವುದು ತಿಳಿಯುತ್ತದೆ. ಬೆರಳುಗಳನ್ನು ಮಡಿಸುವ ಮುಖ್ಯ ಸ್ನಾಯುಗಳಿರುವುದು ಅಲ್ಲಿ. ಅವುಗಳ ಬಲ ಉದ್ದನೆಯ ಸ್ನಾಯುರಜ್ಜುಗಳ ಮೂಲಕ ಮಣಿಕಟ್ಟನ್ನು ದಾಟಿ ಬೆರಳನ್ನು ತಲುಪುತ್ತದೆ.

ಈಗ ಇನ್ನೊಂದು ಪ್ರಯೋಗ. ಗೆಳೆಯನೊಬ್ಬನ ಕೈಗೆ ಅಳತೆಪಟ್ಟಿ ಕೊಟ್ಟು ಬಿಗಿಯಾಗಿ ಹಿಡಿಯಲು ಹೇಳಿ. ಎಳೆದು ನೋಡಿ, ಅದು ಸುಲಭವಾಗಿ ಬರದು. ಈಗ ಅವನ ಮಣಿಕಟ್ಟನ್ನು ಅಂಗೈಯ ಕಡೆಗೆ ಪೂರ್ತಿ ಬಾಗಿಸಿ, ಮತ್ತೆ ಎಳೆಯಿರಿ. ಪಟ್ಟಿ ಜಾರಿ ಬರುತ್ತದೆ. ಮಣಿಕಟ್ಟು ಒಳಕ್ಕೆ ಬಾಗಿದಾಗ ಬೆರಳು ಮಡಿಸುವ ಸ್ನಾಯುಗಳು ಆಗಲೇ ಗಿಡ್ಡವಾಗಿರುತ್ತವೆ. ಇನ್ನಷ್ಟು ಸೆಳೆಯುವ ಶಕ್ತಿ ಅವುಗಳಿಗೆ ಉಳಿದಿರುವುದಿಲ್ಲ. ಕೈಯ ಹಿಂಬದಿಯ ಸ್ನಾಯುರಜ್ಜುಗಳು ಬಿಗಿದುಕೊಂಡು ಬೆರಳನ್ನು ಬಿಚ್ಚುವತ್ತ ಎಳೆಯುತ್ತವೆ. ಆದ್ದರಿಂದ ಕಾಯಿ ಕಸಿಯುವವನಿಗೆ ಬರೀ ಬಲಕ್ಕಿಂತ ಎದುರಾಳಿಯ ಮಣಿಕಟ್ಟನ್ನು ಬಾಗಿಸುವ ಜಾಣ್ಮೆ ಹೆಚ್ಚು ಒದಗುತ್ತದೆ. ಹಿಡಿದವನು ಕಾಯಿಯನ್ನು ಎದೆಗೆ ಅವುಚಿಕೊಂಡರೆ ಬೆರಳಿನ ಕೆಲಸವನ್ನು ತೋಳು, ಎದೆಗಳು ಹಂಚಿಕೊಳ್ಳುತ್ತವೆ.

ತೆಂಗಿನಕಾಯಿಗೆ ಹಿಡಿಯಿಲ್ಲ, ಅಂಚೂ ಇಲ್ಲ. ಬೆರಳುಗಳು ಅದನ್ನು ಪೂರ್ತಿ ಸುತ್ತಲಾರವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಥಾಮಸ್ ಇಂಚ್ ಎಂಬ ಬಲಶಾಲಿ ಇದೇ ತತ್ತ್ವದಿಂದ ಹೆಸರು ಮಾಡಿದ. ಅವನ ಡಂಬೆಲ್ಲಿನ ತೂಕ ಸುಮಾರು 78 ಕಿಲೋಗ್ರಾಂ. ಅದಕ್ಕಿಂತ ಹೆಚ್ಚು ಭಾರ ಎತ್ತಬಲ್ಲವರೂ ಅದನ್ನು ಒಂದು ಕೈಯಲ್ಲಿ ನೆಲದಿಂದ ಎತ್ತಲಾರದೆ ಸೋತರು. ಅದರ ಹಿಡಿಯ ದಪ್ಪ ಸುಮಾರು 6 ಸೆಂಟಿಮೀಟರ್! ಎತ್ತಲು ಹೊರಟೊಡನೆ ಅದು ಬೆರಳುಗಳ ನಡುವೆ ಉರುಳಿ ಜಾರುತ್ತಿತ್ತು.

ಭಾರ ಎತ್ತುವುದೇ ಬೇರೆ

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತುವ ಪಂದ್ಯಗಳನ್ನು ನೀವು ನೋಡಿರಬಹುದು. ಅಲ್ಲಿ ಪರೀಕ್ಷೆಗೊಳಗಾಗುವುದು ಮುಖ್ಯವಾಗಿ ಕಾಲು, ಸೊಂಟ, ಬೆನ್ನು. 60 ಕಿಲೋಗ್ರಾಂ ಕಲ್ಲು ಬೆನ್ನುಮೂಳೆಯಿಂದ 50 ಸೆಂಟಿಮೀಟರ್ ದೂರವಿದ್ದರೆ ಬೆನ್ನನ್ನು ಮುಂದಕ್ಕೆ ಬಾಗಿಸುವ ಅದರ ಪರಿಣಾಮ ಸುಮಾರು 294 ನ್ಯೂಟನ್ ಮೀಟರ್. ಅದೇ ಕಲ್ಲನ್ನು 25 ಸೆಂಟಿಮೀಟರಿಗೆ ತಂದರೆ ಅದು 147ಕ್ಕೆ ಇಳಿಯುತ್ತದೆ. ಅನುಭವಿಗಳು ಕಲ್ಲನ್ನು ಮೊದಲು ತೊಡೆಗೆ, ಬಳಿಕ ಎದೆಗೆ ಏರಿಸಿಕೊಳ್ಳುವುದರ ಗುಟ್ಟು ಇದೇ.

ಒಂದೊಂದು ಬಲಕ್ಕೂ ಒಂದೊಂದು ಸಾಧನೆ ಬೇಕೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಕಾಲದ, ಹನ್ನೆರಡನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಅಭ್ಯಾಸಗಳನ್ನು ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಬಾಹುಪೆಲ್ಲಣಕಶ್ರಮ, ಸ್ತಂಭಶ್ರಮ ಎಂದು ವಿಂಗಡಿಸಲಾಗಿದೆ. ಭಾರ ಎತ್ತುವುದು, ನಡೆದಾಡುವುದು, ಈಜುವುದು, ತೋಳುಗಳ ಸೆಣಸಾಟ, ಕಂಬದ ಮೇಲಿನ ಕಸರತ್ತು ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಅಭ್ಯಾಸ. ಬಲವೆಂಬುದು ಒಂದೇ ವಸ್ತುವಲ್ಲ ಎಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ.

ಉಪಕರಣ ಬಂತು, ತಪ್ಪೂ ಬಂತು

ಹಿಡಿತವನ್ನು ಅಂಕಿಯಲ್ಲಿ ಅಳೆಯಲು ಸುಲಭವಾಗಿ ಒಯ್ಯಬಹುದಾದ ಉಪಕರಣವೊಂದನ್ನು ಫ್ರಾನ್ಸಿನ ಎಡ್ಮೆ ರೆನ್ಯೆ ರೂಪಿಸಿ 1798ರಲ್ಲಿ ವಿವರಿಸಿದ. ಅದು ಅಂಡಾಕಾರದ ಉಕ್ಕಿನ ಸ್ಪ್ರಿಂಗ್; ಹಿಂಡಿದರೆ ಮುಳ್ಳು ತಿರುಗಿ ಬಲವನ್ನು ತೋರಿಸುತ್ತಿತ್ತು. ಇದೇ ಬಲಮಾಪಕ.

1800ರಲ್ಲಿ ಆಸ್ಟ್ರೇಲಿಯದತ್ತ ಹೊರಟ ಫ್ರೆಂಚ್ ನೌಕಾಯಾನದಲ್ಲಿ ಫ್ರಾನ್ಸ್ವಾ ಪೆರೋಂ ಎಂಬ ನಿಸರ್ಗ ವಿಜ್ಞಾನಿ ಇದನ್ನು ಒಯ್ದ. ಅಲ್ಲಿನ ಮೂಲನಿವಾಸಿಗಳು, ಟಿಮೋರ್ ದ್ವೀಪದವರು, ತನ್ನ ಹಡಗಿನವರು, ಇಂಗ್ಲಿಷ್ ವಲಸಿಗರು ಇವರನ್ನೆಲ್ಲ ಹೋಲಿಸಿ, ನಾಗರಿಕತೆ ಕಡಿಮೆಯಾದಷ್ಟೂ ದೇಹಬಲ ಕಡಿಮೆ ಎಂದು ತೀರ್ಮಾನಿಸಿದ. ಹಗಲಿರುಳು ಹಗ್ಗ ಎಳೆಯುವ ನಾವಿಕನ ಕೈಯನ್ನು, ಆ ಯಂತ್ರವನ್ನು ಹಿಂದೆಂದೂ ಕಂಡಿರದವನ ಕೈಯೊಡನೆ ಹೋಲಿಸುವುದು ನ್ಯಾಯವೇ? ಕೈಯ ಗಾತ್ರ, ಹಿಡಿಯುವ ಬಗೆ ಬದಲಾದರೆ ಅಳತೆಯೇ ಬದಲಾಗುತ್ತದೆಂದು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ 1835ರ ತನ್ನ ಗ್ರಂಥದಲ್ಲಿ ಎಚ್ಚರಿಸಿದ.

ಆದರೂ ಜನಾಂಗಕ್ಕೆ ಬಲವನ್ನು ಗಂಟುಹಾಕುವ ಅಭ್ಯಾಸ ಹೋಗಲಿಲ್ಲ. ಕೊಡಗು 1834ರಲ್ಲಿ ಬ್ರಿಟಿಷರ ವಶವಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತದ ಜನರನ್ನು 'ಯೋಧ ಕುಲ', 'ಯೋಧರಲ್ಲದ ಕುಲ' ಎಂದು ವಿಂಗಡಿಸುವ ಚಿಂತನೆ ಬೆಳೆಯಿತು. ಕೊಡವರನ್ನು ಹೊಗಳಿದ ಬರಹಗಳಲ್ಲಿ ಅವರ ಬೇಟೆ, ಬೆಟ್ಟದ ನಡಿಗೆ, ಹಬ್ಬದ ಆಟಗಳ ಅಭ್ಯಾಸ ಹಿಂದೆ ಸರಿದು ಹುಟ್ಟೇ ಮುಂದೆ ಬಂತು. ಅದೇ ಕೊಡಗಿನ ತೋಟಗಳಲ್ಲಿ ಕಾಫಿ ಮೂಟೆ ಹೊತ್ತವರ, ಮರದ ದಿಮ್ಮಿ ಸಾಗಿಸಿದವರ ಬಲಕ್ಕೆ ಯಾರೂ ಬಿರುದು ಕೊಡಲಿಲ್ಲ. 50 ಕಿಲೋಗ್ರಾಂ ಕಾಫಿ ಚೀಲವನ್ನು ಬೆನ್ನಿಗೇರಿಸುವುದು ಪಂದ್ಯವಾಗಲಿಲ್ಲ. ಅದು ಕೂಲಿ ಎನಿಸಿಕೊಂಡಿತು.

ಇಂದಿನ ತಿಳಿವಳಿಕೆ

ಮೂಳೆಯ ಉದ್ದ, ಸ್ನಾಯುತಂತುಗಳ ಸ್ವರೂಪ ಇವುಗಳಲ್ಲಿ ಅನುವಂಶೀಯತೆಯ ಪಾಲು ಇದೆ, ನಿಜ. ಆದರೆ ಅದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಇಡೀ ಸಮುದಾಯಕ್ಕೆ ಅಂಟಿಸುವ ಚೀಟಿಯಲ್ಲ. ಅಭ್ಯಾಸದ ಮೊದಲ ವಾರಗಳಲ್ಲಿ ಸ್ನಾಯು ದಪ್ಪವಾಗುವ ಮುನ್ನವೇ ಬಲ ಹೆಚ್ಚುತ್ತದೆ, ನರವ್ಯೂಹವು ಹೆಚ್ಚು ತಂತುಗಳನ್ನು ಒಮ್ಮೆಗೇ ದುಡಿಸಲು ಕಲಿಯುತ್ತದೆ ಎಂಬುದನ್ನು ಮೊರಿಟಾನಿ ಮತ್ತು ಡಿವ್ರೀಸ್ 1979ರಲ್ಲಿ ತೋರಿಸಿದರು.

ಬಲಮಾಪಕಕ್ಕೂ ಈಗ ಒಳ್ಳೆಯ ಕೆಲಸ ಸಿಕ್ಕಿದೆ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಹಿಡಿತ ಪ್ರತಿ 5 ಕಿಲೋಗ್ರಾಂ ಕಡಿಮೆಯಾದಂತೆ ಸಾವಿನ ಅಪಾಯ ಸುಮಾರು ಶೇಕಡ 16ರಷ್ಟು ಹೆಚ್ಚಿರುವುದು ಅದರಲ್ಲಿ ಕಂಡುಬಂತು. ಹಿಡಿತ ಕುಗ್ಗಿದ್ದರಿಂದಲೇ ಸಾವು ಬರುತ್ತದೆಂದು ಇದರ ಅರ್ಥವಲ್ಲ. ಹಿಡಿತವು ಇಡೀ ದೇಹದ ಸ್ಥಿತಿಯನ್ನು ಸೂಚಿಸುತ್ತದೆ ಎಂದಷ್ಟೇ ಅರ್ಥ. ಒಂದು ಕಾಲದಲ್ಲಿ ಜನಾಂಗಗಳನ್ನು ಮೇಲು ಕೀಳೆಂದು ಸಾಲುಹಚ್ಚಿದ ಸಾಧನವನ್ನು ವೈದ್ಯರು ಈಗ ವೃದ್ಧರ ದೌರ್ಬಲ್ಯವನ್ನು ಬೇಗ ಗುರುತಿಸಲು ಬಳಸುತ್ತಾರೆ.

ಮುಂದೆ ಎಲ್ಲಿಯಾದರೂ ಕಲ್ಲು ಎತ್ತುವವರನ್ನೋ ತೆಂಗಿನಕಾಯಿಗಾಗಿ ಸೆಣಸುವವರನ್ನೋ ಕಂಡರೆ, ಅವರು ಯಾವ ಕುಲದವರು ಎಂದು ಕೇಳಬೇಡಿ. ಎಷ್ಟು ವರ್ಷದಿಂದ ಅಭ್ಯಾಸ ಮಾಡುತ್ತಿದ್ದಾರೆ, ಮಣಿಕಟ್ಟನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಎಂದು ಕೇಳಿ. ಕಲಿಯಲು ಏನಾದರೂ ಸಿಗುವುದು ಆ ಪ್ರಶ್ನೆಗಳಿಂದಲೇ.